ಜಿಪಿಎಸ್ ಕೈಕೊಟ್ಟರೆ? ದಾರಿ ತೋರಿಸುವ ಉಪಗ್ರಹಗಳೂ ದೇಶದೇಶಗಳ ಜಗಳವೂ

ಮಾಣಿ ಜಂಕ್ಷನ್ನಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕವಲೊಡೆಯುತ್ತವೆ. 75 ಉಪ್ಪಿನಂಗಡಿ ದಾಟಿ, ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಹೋಗುತ್ತದೆ. 275 ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು ಹಾದು ಬೆಂಗಳೂರು ಮುಟ್ಟುತ್ತದೆ. ದಿನವೂ ಇಲ್ಲಿ ತಿರುಗುವ ಲಾರಿ, ಬಸ್ಸು, ಪಿಕಪ್ಪುಗಳಲ್ಲಿ ಹೆಚ್ಚಿನವು ಈಗ ಫೋನಿನ ಮ್ಯಾಪ್ ನೋಡಿಕೊಂಡೇ ಹೋಗುತ್ತವೆ. ಆ ಮ್ಯಾಪಿನಲ್ಲಿ ನೀಲಿ ಚುಕ್ಕೆ ಸರಿಯಾದ ಜಾಗದಲ್ಲಿ ನಿಲ್ಲಲು ಬೇಕಾದ ಸಂಕೇತ ಬರುವುದು ಬಹುಪಾಲು ಬೇರೆ ದೇಶಗಳ ಉಪಗ್ರಹಗಳಿಂದ. ಹಾಗಿದ್ದರೆ ಆ ದೇಶಗಳ ನಡುವೆ ಜಗಳವಾದರೆ ನಮ್ಮ ಚುಕ್ಕೆಯ ಗತಿಯೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಮಾಣಿಯಿಂದ ಹೊರಡುವ ಈ ಎರಡು ದಾರಿಗಳಲ್ಲೇ ಅರ್ಧ ಉತ್ತರ ಇದೆ. ಹಾಸನದಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಉಪಗ್ರಹಗಳ ಆರೋಗ್ಯ ನೋಡಿಕೊಂಡು ಅವುಗಳಿಗೆ ಆಜ್ಞೆ ಕಳಿಸುವ ಕೇಂದ್ರ ಇದೆ. ಇನ್ನೊಂದು ದಾರಿಯಲ್ಲಿ ಬೆಂಗಳೂರು ಮುಟ್ಟುವ ಮೊದಲೇ, ಬಿಡದಿಯ ಕಡೆಯಿಂದ ಒಳಗೆ ಹೋದರೆ ಬ್ಯಾಲಾಳು ಸಿಗುತ್ತದೆ. ಅಲ್ಲಿ 2013ರ ಮೇ ತಿಂಗಳಲ್ಲಿ ಇಸ್ರೋದ ನ್ಯಾವಿಗೇಶನ್ ಸೆಂಟರ್ ಶುರುವಾಯಿತು. ಭಾರತದ ಸ್ವಂತ ದಾರಿಸೂಚಕ ವ್ಯವಸ್ಥೆಯಾದ ‘ನಾವಿಕ್’ ನಡೆಯುವುದು ಇಂಥ ಕೇಂದ್ರಗಳ ಬಲದಿಂದ. ಅದರ ಕತೆಗೆ ಮುಂದೆ ಬರೋಣ. ಮೊದಲು ಈ ಚುಕ್ಕೆ ಹೇಗೆ ಮೂಡುತ್ತದೆ ಎಂದು ನೋಡಿಬಿಡೋಣ.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿಯೊಂದೂ ಬಿಡುವಿಲ್ಲದೆ ಎರಡು ಸಂಗತಿ ಸಾರುತ್ತಿರುತ್ತದೆ. ನಾನೀಗ ಎಲ್ಲಿದ್ದೇನೆ, ಈಗ ಗಂಟೆ ಎಷ್ಟು. ನಿಮ್ಮ ಫೋನು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಸಂಕೇತ ಹೊರಟ ಸಮಯಕ್ಕೂ ಬಂದು ತಲುಪಿದ ಸಮಯಕ್ಕೂ ಇರುವ ವ್ಯತ್ಯಾಸದಿಂದ ಆ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ಗೊತ್ತಾದರೆ ಜಾಗ ಸಿಗಬೇಕು. ಆದರೆ ಫೋನಿನ ಒಳಗಿರುವ ಗಡಿಯಾರ ಅಷ್ಟು ನಿಖರವಲ್ಲ. ಆ ತಪ್ಪನ್ನು ತಿದ್ದಲು ನಾಲ್ಕನೆಯ ಉಪಗ್ರಹ ಬೇಕು. ಈ ನಾಲ್ಕು ಎಂಬ ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾಗಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಲೆಕ್ಕ 300 ಮೀಟರ್ ಆಚೀಚೆ ಆಗುತ್ತದೆ. ಪೇಟೆಯಲ್ಲಿರುವ ನೀವು ಯಾರದೋ ತೋಟದ ನಡುವೆ ನಿಂತಂತೆ ಕಾಣುತ್ತೀರಿ. ಇದಕ್ಕಾಗಿಯೇ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರ ಇರುತ್ತದೆ. ಪರಮಾಣುಗಳ ಕಂಪನವನ್ನೇ ಅಳತೆಗೋಲು ಮಾಡಿಕೊಂಡ, ತೀರಾ ನಿಖರವಾದ ಗಡಿಯಾರ ಅದು. ಈ ವ್ಯವಸ್ಥೆಯ ಜೀವ ಇರುವುದು ಅಲ್ಲೇ.

ಇಲ್ಲಿ ಒಂದು ಸಂದೇಹ ಸಾಮಾನ್ಯ. ನೆಟ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಅಲ್ಲವೇ? ಹಾಗಲ್ಲ. ಶಿರಾಡಿಯಲ್ಲಿ ನೆಟ್‌ವರ್ಕ್ ಹೋದರೂ ಚುಕ್ಕೆ ಮುಂದೆ ಸರಿಯುತ್ತಲೇ ಇರುತ್ತದೆ. ಹೋಗುವುದು ಚುಕ್ಕೆಯ ಹಿಂದೆ ಕಾಣುವ ನಕ್ಷೆ. ನಕ್ಷೆ ಇಂಟರ್ನೆಟ್ಟಿನಿಂದ ಬರುತ್ತದೆ, ಜಾಗದ ಲೆಕ್ಕ ಆಕಾಶದಿಂದ ಬರುತ್ತದೆ. ಇನ್ನೊಂದು ಮಾತು. ಘಾಟಿಯ ಕಡಿದಾದ ತಿರುವಿನಲ್ಲಿ, ದಟ್ಟ ಅಡಿಕೆ ತೋಟದ ಒಳಗೆ, ಎತ್ತರದ ಕಟ್ಟಡಗಳ ಸಂದಿಯಲ್ಲಿ ಚುಕ್ಕೆ ಅಲೆದಾಡುವುದಕ್ಕೂ ಅಂತಾರಾಷ್ಟ್ರೀಯ ರಾಜಕೀಯಕ್ಕೂ ಸಂಬಂಧವಿಲ್ಲ. ಅಲ್ಲಿ ಆಕಾಶ ಸರಿಯಾಗಿ ಕಾಣುವುದಿಲ್ಲ, ಸಂಕೇತ ಗುಡ್ಡಕ್ಕೋ ಗೋಡೆಗೋ ಬಡಿದು ಬಳಸಿ ಬರುತ್ತದೆ. ನಮ್ಮ ಕಡೆ ದಾರಿ ತಪ್ಪಲು ಬಹುಪಾಲು ಕಾರಣ ಇದೇ.

ಹಾಗಾದರೆ ರಾಜಕೀಯ ಎಲ್ಲಿ ಬರುತ್ತದೆ? ಒಡೆತನದಲ್ಲಿ. ಜಿಪಿಎಸ್ ಅಮೆರಿಕದ ಸೇನೆಯದು. ಗ್ಲೋನಾಸ್ ರಷ್ಯಾದ್ದು, ಬೈಡು ಚೀನಾದ್ದು, ಗೆಲಿಲಿಯೋ ಯುರೋಪಿಯನ್ ಒಕ್ಕೂಟದ್ದು. ಜಗತ್ತನ್ನೆಲ್ಲ ಆವರಿಸುವುದು ಈ ನಾಲ್ಕೇ. ನಮ್ಮ ನಾವಿಕ್ ಭಾರತಕ್ಕೂ ಅದರ ಗಡಿಯಿಂದ ಸುಮಾರು 1,500 ಕಿಲೋಮೀಟರ್ ದೂರಕ್ಕೂ ಸೇವೆ ಕೊಡಲು ಕಟ್ಟಿದ್ದು.

ಜಿಪಿಎಸ್ ಜನಸಾಮಾನ್ಯರಿಗೆ ದಕ್ಕಿದ್ದರ ಹಿಂದೆಯೂ ಒಂದು ದುರಂತವಿದೆ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿತು. 269 ಮಂದಿ ಸತ್ತರು. ಆಮೇಲೆ ಅಮೆರಿಕದ ಅಧ್ಯಕ್ಷ ರೇಗನ್, ಜಿಪಿಎಸ್ ಸಿದ್ಧವಾದಾಗ ನಾಗರಿಕರೂ ಬಳಸಬಹುದು ಎಂದು ಘೋಷಿಸಿದರು. ಕೊಟ್ಟರು ನಿಜ, ಆದರೆ ಬೇಕೆಂದೇ ಸ್ವಲ್ಪ ಕೆಡಿಸಿ ಕೊಟ್ಟರು. ಸೆಲೆಕ್ಟಿವ್ ಅವೈಲಬಿಲಿಟಿ ಎಂದು ಅದರ ಹೆಸರು. ಸೇನೆಗೆ ನಿಖರ ಸಂಕೇತ, ಉಳಿದವರಿಗೆ 100 ಮೀಟರಿನಷ್ಟು ತಪ್ಪಾಗಬಹುದಾದ ಸಂಕೇತ. 2000ರ ಮೇ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಇದನ್ನು ನಿಲ್ಲಿಸಿದರು. ಹೊಸ ಪೀಳಿಗೆಯ ಉಪಗ್ರಹಗಳಲ್ಲಿ ಆ ಸೌಲಭ್ಯವನ್ನೇ ಇಡುವುದಿಲ್ಲ ಎಂದು 2007ರಲ್ಲಿ ಅಮೆರಿಕ ಹೇಳಿತು.

ಕಾರ್ಗಿಲ್ ಯುದ್ಧದಲ್ಲಿ ಅಮೆರಿಕ ನಮಗೆ ಜಿಪಿಎಸ್ ಮಾಹಿತಿ ಕೊಡಲಿಲ್ಲ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆ ಮಾತನ್ನು ಬದಿಗಿಟ್ಟರೂ ಒಂದು ಸಂಗತಿ ಉಳಿಯುತ್ತದೆ. 1999ರಲ್ಲಿ ಈ ಕೆಡಿಸುವ ಪದ್ಧತಿ ಇನ್ನೂ ಜಾರಿಯಲ್ಲಿತ್ತು. ಬೆಟ್ಟದ ತುದಿಯಲ್ಲಿ 100 ಮೀಟರ್ ವ್ಯತ್ಯಾಸವಾದರೆ ಈ ಕಡೆಯ ಇಳಿಜಾರಿನ ಬದಲು ಆ ಕಡೆಯದಾಗುತ್ತದೆ. ಪರರ ಸಂಕೇತವನ್ನು ನಂಬಿ ಯುದ್ಧ ಮಾಡಲಾಗದು ಎಂದು ತಿಳಿಯಲು ಇಷ್ಟು ಸಾಕು. 2006ರಲ್ಲಿ ಭಾರತ ಸರ್ಕಾರ ಸ್ವಂತ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು.

ಈಗ ನೀವು ಕೇಳಬಹುದು. ನಾಳೆ ಅಮೆರಿಕಕ್ಕೆ ಸಿಟ್ಟು ಬಂದರೆ ಸ್ವಿಚ್ ಒತ್ತಿ ಬಂದ್ ಮಾಡಿಬಿಡುತ್ತದಾ ಮಾರಾಯ್ರೇ? ಆ ಸಾಧ್ಯತೆ ಕಡಿಮೆ ಎಂದೇ ನನ್ನ ತೀರ್ಮಾನ. ಜಿಪಿಎಸ್ ಸಂಕೇತದಿಂದ ಬರುವ ಸಮಯವನ್ನು ಆಧರಿಸಿ ಅಮೆರಿಕದ ಬ್ಯಾಂಕುಗಳು, ಮೊಬೈಲ್ ಗೋಪುರಗಳು, ವಿದ್ಯುತ್ ಜಾಲ ಎಲ್ಲವೂ ನಡೆಯುತ್ತವೆ. ಉಪಗ್ರಹ ಭೂಮಿಯ ದೊಡ್ಡ ಭಾಗಕ್ಕೆ ಒಟ್ಟಿಗೇ ಸಾರುತ್ತದೆ, ಒಂದು ಊರಿಗೆ ಬೇಡ ಎಂದು ಅಲ್ಲಿಂದಲೇ ಬೇರ್ಪಡಿಸುವುದು ಸುಲಭವಲ್ಲ. ತೊಂದರೆ ಬರುವ ದಾರಿಗಳು ಬೇರೆ. ಅವುಗಳಲ್ಲಿ ಮೊದಲನೆಯದು ನೆಲದಿಂದಲೇ ಸಂಕೇತವನ್ನು ಹಾಳುಮಾಡುವುದು.

ಅಷ್ಟು ದೂರದಿಂದ ಬರುವ ಸಂಕೇತ ನೆಲ ಮುಟ್ಟುವಾಗ ಬಹಳ ಕ್ಷೀಣವಾಗಿರುತ್ತದೆ. ಆಟದ ರಂಗಸ್ಥಳದಲ್ಲಿ ಚೆಂಡೆಯ ಅಬ್ಬರದ ನಡುವೆ ಪಕ್ಕದವರು ಪಿಸುಗುಟ್ಟಿದರೆ ಕೇಳುತ್ತದೆಯೇ? ಹಾಗೆಯೇ ಅದೇ ತರಂಗದಲ್ಲಿ ನೆಲದಿಂದ ಗದ್ದಲ ಎಬ್ಬಿಸಿದರೆ ಫೋನಿಗೆ ಉಪಗ್ರಹ ಕೇಳಿಸುವುದಿಲ್ಲ. ಇದು ಜಾಮಿಂಗ್, ಸಂಕೇತವನ್ನು ಮುಚ್ಚಿಹಾಕುವುದು. ಇದಕ್ಕಿಂತ ಕೆಟ್ಟದ್ದು ಸ್ಪೂಫಿಂಗ್, ಉಪಗ್ರಹದ್ದೇ ಎಂಬಂತೆ ಸುಳ್ಳು ಸಂಕೇತ ಕಳಿಸುವುದು. ಜಾಮಿಂಗ್ ಆದರೆ ‘ಸಿಗ್ನಲ್ ಇಲ್ಲ’ ಎಂದಾದರೂ ಗೊತ್ತಾಗುತ್ತದೆ. ಸ್ಪೂಫಿಂಗ್ ಆದರೆ ಎಲ್ಲ ಸರಿಯಿದ್ದಂತೆ ತೋರಿಸುತ್ತಲೇ ನಿಮ್ಮನ್ನು ಬೇರೆಡೆ ಇಟ್ಟಿರುತ್ತದೆ. ಡ್ರೋನು, ಕ್ಷಿಪಣಿಗಳನ್ನು ದಾರಿ ತಪ್ಪಿಸಲು ಯುದ್ಧನಿರತ ದೇಶಗಳು ಇವೆರಡನ್ನೂ ಬಳಸುತ್ತವೆ. ಆ ಪ್ರದೇಶದಲ್ಲಿರುವ ಸಾಮಾನ್ಯ ವಿಮಾನ, ಹಡಗು, ಫೋನುಗಳೂ ಅದರಲ್ಲಿ ಸಿಕ್ಕಿಬೀಳುತ್ತವೆ.

ಇದು ನಮಗೆ ದೂರದ ವಿಷಯವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ದುಬೈಯಲ್ಲೋ ದೋಹಾದಲ್ಲೋ ಇದ್ದಾರೆ. 2025ರ ಜೂನಿನಲ್ಲಿ ಇಸ್ರೇಲ್ ಮತ್ತು ಇರಾನ್ ಕಾದಾಡಿದಾಗ ಹೋರ್ಮುಜ್ ಜಲಸಂಧಿಯ ಸುತ್ತ ನೂರಾರು ಹಡಗುಗಳ ಸ್ಥಾನಸಂಕೇತ ಅಡ್ಡಾದಿಡ್ಡಿಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕತಾರ್ ಸರ್ಕಾರ ಜಿಪಿಎಸ್ ದೋಷದ ಕಾರಣ ಕೊಟ್ಟು ಸಮುದ್ರಯಾನವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ನವಮಂಗಳೂರು ಬಂದರಿಗೆ ಬರುವ ಕಚ್ಚಾತೈಲ, ಅಡುಗೆ ಅನಿಲದ ದೊಡ್ಡ ಪಾಲು ಕೊಲ್ಲಿಯ ಕಡೆಯಿಂದಲೇ ಬರುತ್ತದೆ. ಅಲ್ಲಿ ಹಡಗು ನಿಧಾನವಾದರೆ ಇಲ್ಲಿ ಅಡುಗೆಮನೆಗೆ ಬಿಸಿ ತಟ್ಟುತ್ತದೆ.

ನಮ್ಮ ದೇಶದೊಳಗೂ ಇದು ನಡೆದಿದೆ. 2023ರ ನವೆಂಬರಿನಿಂದ 2025ರ ಫೆಬ್ರವರಿವರೆಗೆ ಅಮೃತಸರ ಮತ್ತು ಜಮ್ಮುವಿನ ಗಡಿಭಾಗದಲ್ಲಿ 465 ಸಲ ವಿಮಾನಗಳ ಜಿಪಿಎಸ್‌ಗೆ ಅಡ್ಡಿಯಾಯಿತೆಂದು ಸರ್ಕಾರ ಲೋಕಸಭೆಗೆ ತಿಳಿಸಿತು. 2025ರ ನವೆಂಬರಿನಲ್ಲಿ ದೆಹಲಿ ವಿಮಾನ ನಿಲ್ದಾಣದ ಸುತ್ತಲೂ ಸ್ಪೂಫಿಂಗ್ ಕಾಣಿಸಿತು. ಬೆಂಗಳೂರು ಸೇರಿ ಇನ್ನೂ ಹಲವು ನಿಲ್ದಾಣಗಳಿಂದ ಅಡ್ಡಿಯ ವರದಿಗಳು ಬಂದಿವೆ ಎಂದು ಸಚಿವರು ಸಂಸತ್ತಿನಲ್ಲಿ ಒಪ್ಪಿಕೊಂಡರು. ಬಜ್ಪೆಯಿಂದ ವಿಮಾನ ಹತ್ತುವವರು ಇದನ್ನು ಓದಿ ಹೆದರಬೇಕಾಗಿಲ್ಲ. ವಿಮಾನದಲ್ಲಿ ತನ್ನದೇ ಚಲನೆಯಿಂದ ಜಾಗ ಲೆಕ್ಕ ಹಾಕುವ ಯಂತ್ರ ಇರುತ್ತದೆ. ಇಳಿಯುವಾಗ ದಾರಿ ತೋರಿಸಲು ನೆಲದಲ್ಲೇ ರೇಡಿಯೊ ಉಪಕರಣ ಇರುತ್ತದೆ. ಅದಕ್ಕೆ ಐಎಲ್‌ಎಸ್ ಎನ್ನುತ್ತಾರೆ, ಅದು ಉಪಗ್ರಹವನ್ನು ಅವಲಂಬಿಸಿಲ್ಲ. ಜಿಪಿಎಸ್ ಬಂತೆಂದು ಈ ಹಳೆಯ ಉಪಕರಣಗಳನ್ನು ಕಿತ್ತು ಹಾಕಬಾರದು ಎಂದು ವಾದಿಸುವವರ ಪಕ್ಷ ನನ್ನದು.

ತೊಂದರೆ ಬರುವ ಎರಡನೆಯ ದಾರಿ ಒಪ್ಪಂದಗಳದ್ದು. ಈ ಉಪಗ್ರಹಗಳನ್ನು ತಿದ್ದಿ ಸರಿಯಾಗಿಡಲು ಭೂಮಿಯ ಬೇರೆ ಬೇರೆ ಕಡೆ ನೆಲಕೇಂದ್ರಗಳು ಬೇಕು, ಅಂದರೆ ಬೇರೆ ದೇಶಗಳ ಒಪ್ಪಿಗೆ ಬೇಕು. 2014ರಲ್ಲಿ ಅಮೆರಿಕ ತನ್ನ ನೆಲದಲ್ಲಿ ಗ್ಲೋನಾಸ್ ಕೇಂದ್ರಗಳಿಗೆ ಒಪ್ಪದಿದ್ದಾಗ, ರಷ್ಯಾ ತನ್ನಲ್ಲಿದ್ದ ಜಿಪಿಎಸ್ ಅಳತೆ ಕೇಂದ್ರಗಳ ಕೆಲಸಕ್ಕೆ ತಡೆಯೊಡ್ಡಿತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ, ತಾನೇ ಹಣ ಹಾಕಿ ಕಟ್ಟಿದ ಗೆಲಿಲಿಯೋದ ಸುರಕ್ಷಿತ ಸೇವೆಯಿಂದ ಹೊರಗುಳಿಯಿತು. ಹಣದ ಮುಗ್ಗಟ್ಟೂ ಅಷ್ಟೇ ಅಪಾಯ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಗ್ಲೋನಾಸ್ ಸೊರಗುತ್ತಾ ಹೋಗಿ, 2001ರ ಹೊತ್ತಿಗೆ ಕೆಲಸ ಮಾಡುವ ಉಪಗ್ರಹಗಳು ಬೆರಳೆಣಿಕೆಗೆ ಇಳಿದವು. ಮತ್ತೆ 24 ಆಗಲು 2011 ಬೇಕಾಯಿತು. ಯಾರೂ ಸ್ವಿಚ್ ಒತ್ತಲಿಲ್ಲ. ಸತ್ತ ಉಪಗ್ರಹದ ಜಾಗಕ್ಕೆ ಹೊಸದು ಬರಲಿಲ್ಲ, ಅಷ್ಟೆ.

ಈ ಕೊನೆಯ ಮಾತು ನಮ್ಮ ನಾವಿಕ್‌ಗೂ ತಾಗುತ್ತದೆ. ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಏಳನೆಯದು 2016ರ ಏಪ್ರಿಲ್ 28ರಂದು ಹಾರಿದಾಗ ಪ್ರಧಾನಿ ಮೋದಿ ಇಡೀ ವ್ಯವಸ್ಥೆಗೆ ನಾವಿಕ್ ಎಂದು ಹೆಸರಿಟ್ಟರು. ಇವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಯಾವಾಗಲೂ ನಮ್ಮ ಕಡೆಯ ಆಕಾಶದಲ್ಲೇ ಇರುತ್ತವೆ. ಏಳು ಉಪಗ್ರಹಗಳಿಂದ ಇಡೀ ಭಾರತಕ್ಕೆ ಸೇವೆ ಕೊಡುವ ಯೋಜನೆ ಚೊಕ್ಕವಾಗಿಯೇ ಇತ್ತು. ಕೆಟ್ಟದ್ದು ಗಡಿಯಾರ. ಪರಮಾಣು ಗಡಿಯಾರಗಳನ್ನು ಯುರೋಪಿನಿಂದ ತರಿಸಲಾಗಿತ್ತು. ಮೊದಲ ಉಪಗ್ರಹದ ಮೂರೂ ಗಡಿಯಾರಗಳು ಕೆಟ್ಟವು, ಆಮೇಲೆ ಬೇರೆ ಉಪಗ್ರಹಗಳಲ್ಲೂ ಅದೇ ತೊಂದರೆ ಬಂತು. ಬದಲಿಯಾಗಿ 2017ರ ಆಗಸ್ಟ್ 31ರಂದು ಹಾರಿಸಿದ್ದು ರಾಕೆಟ್ಟಿನ ಶಾಖಕವಚ ಬೇರ್ಪಡದೆ ಅದರೊಳಗೇ ಉಳಿಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಎಂಬ ನಾವಿಕ್ ಉಪಗ್ರಹದಲ್ಲಿ ಇಸ್ರೋ ತಾನೇ ಮಾಡಿದ ರುಬಿಡಿಯಂ ಗಡಿಯಾರವನ್ನು ಇಟ್ಟಿತು. ನನ್ನ ಪಾಲಿಗೆ ಈ ಕತೆಯಲ್ಲಿ ಅತಿ ಹೆಮ್ಮೆಯ ಘಟ್ಟ ಅದು. ಆದರೆ 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02 ಎಂಜಿನ್ನಿನ ಒಂದು ವಾಲ್ವ್ ತೆರೆದುಕೊಳ್ಳದೆ ತನ್ನ ಕಕ್ಷೆಗೆ ಏರಲಾರದೆ ಹೋಯಿತು.

2025ರ ಜುಲೈಯಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ ಹೀಗಿತ್ತು. ಹಾರಿಸಿದ 11ರಲ್ಲಿ ಎರಡು ಕಕ್ಷೆ ತಲುಪಲಿಲ್ಲ, ಒಂದು ನಿವೃತ್ತಿಯಾಗಿದೆ, ನಾಲ್ಕನ್ನು ಏಕಮುಖ ಸಂದೇಶ ಕಳಿಸಲು ಮಾತ್ರ ಬಳಸಲಾಗುತ್ತಿದೆ. ಜಾಗ ತೋರಿಸುವ ಕೆಲಸಕ್ಕೆ ಆಗ ಉಳಿದಿದ್ದದ್ದು ನಾಲ್ಕು. ಚುಕ್ಕೆ ಮೂಡಲು ಕಡಿಮೆಯೆಂದರೆ ಬೇಕಾದದ್ದೂ ಅದೇ ನಾಲ್ಕು. ಅವುಗಳಲ್ಲಿ ಒಂದು ನಿಂತರೂ ನಾವಿಕ್ ಒಂದನ್ನೇ ನಂಬಿ ದಾರಿ ಹುಡುಕಲು ಆಗುವುದಿಲ್ಲ. ಪರರ ರಾಜಕೀಯಕ್ಕಿಂತ ನನಗೆ ಹೆಚ್ಚು ಚಿಂತೆಯಾಗುವುದು ಈ ಲೆಕ್ಕದ್ದು. ಹಾಸನ, ಬ್ಯಾಲಾಳುವಿನಲ್ಲಿ ಕೂತು ದುಡಿಯುವವರ ಕೈಗೆ ಬೇಗ ಬೇಗ ಹೊಸ ಉಪಗ್ರಹಗಳು ಸಿಗಬೇಕು.

ಉಪಗ್ರಹಗಳ ಈ ಕೊರತೆಯ ಪರಿಣಾಮ ನಮ್ಮ ರಸ್ತೆಗೇ ಬಂದಿದೆ. ಟೋಲ್‌ಗೇಟ್ ತೆಗೆದು ಓಡಿದ ದೂರವನ್ನು ಉಪಗ್ರಹದಿಂದ ಅಳೆದು ಹಣ ಕಡಿತ ಮಾಡುವ ಯೋಜನೆಯನ್ನು ಕೇಳಿರುತ್ತೀರಿ. ಅದರ ಪ್ರಯೋಗಕ್ಕೆ ಆರಿಸಿದ್ದರಲ್ಲಿ ಒಂದು ಇದೇ 275ರ ಬೆಂಗಳೂರು–ಮೈಸೂರು ಭಾಗ. 2025ರಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಹೆಚ್ಚುವರಿ ಉಪಗ್ರಹಗಳೂ ನಾವಿಕ್ ಹಿಡಿಯಬಲ್ಲ ಉಪಕರಣಗಳೂ ಮೊದಲು ಬೇಕೆಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಸುಳ್ಳು ಜಾಗ ತೋರಿಸಿ ಹಣ ಕಡಿತವಾದರೆ ಯಾರನ್ನು ಕೇಳುವುದು? ತಡೆದದ್ದು ಸರಿಯೇ.

ಇನ್ನು ಖರ್ಚಿನ ಮಾತು. ಸಂಕೇತ ಪಡೆಯಲು ಯಾರಿಗೂ ಏನೂ ಕೊಡಬೇಕಾಗಿಲ್ಲ. ಖರ್ಚಿರುವುದು ಉಪಕರಣಕ್ಕೆ. ಈಗಿನ ಫೋನುಗಳಲ್ಲಿ ಜಿಪಿಎಸ್ ಜೊತೆ ಗ್ಲೋನಾಸ್, ಗೆಲಿಲಿಯೋ, ಬೈಡು ಸಾಮಾನ್ಯವಾಗಿ ಇರುತ್ತವೆ. ನಾವಿಕ್ ಕೆಲವದರಲ್ಲಿ ಮಾತ್ರ ಇದೆ. ಅದರ ಹಳೆಯ ಉಪಗ್ರಹಗಳು ಎಲ್5, ಎಸ್ ಎಂಬ ತರಂಗಗಳಲ್ಲಷ್ಟೇ ಸಾರುತ್ತವೆ, ಅನೇಕ ಅಗ್ಗದ ಫೋನುಗಳಲ್ಲಿ ಅವನ್ನು ಹಿಡಿಯುವ ಭಾಗ ಇರುವುದಿಲ್ಲ. ಎನ್‌ವಿಎಸ್ ಸರಣಿಯವು ಎಲ್ಲ ಫೋನುಗಳಿಗೂ ಪರಿಚಿತವಾದ ಎಲ್1 ತರಂಗದಲ್ಲೂ ಸಾರುತ್ತವೆ, ಹಾಗಾಗಿ ಅವು ಹೆಚ್ಚಿದಂತೆ ಅಗ್ಗದ ಫೋನಿಗೂ ನಾವಿಕ್ ದಕ್ಕೀತು. ನಿಮ್ಮ ಫೋನಿನಲ್ಲಿ ಇದೆಯೇ ಎಂದು ನೋಡಲು ಆಂಡ್ರಾಯ್ಡ್‌ನಲ್ಲಿ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆಪ್ ಹಾಕಿಕೊಳ್ಳಿ. ಮರದ ನೆರಳಿಲ್ಲದ ಅಂಗಳಕ್ಕೆ ಬನ್ನಿ. ಸ್ವಲ್ಪ ಹೊತ್ತಿನಲ್ಲಿ ಉಪಗ್ರಹಗಳ ಪಟ್ಟಿ ಆಯಾ ದೇಶದ ಬಾವುಟದೊಂದಿಗೆ ಮೂಡುತ್ತದೆ. ತ್ರಿವರ್ಣ ಕಂಡರೆ ನಾವಿಕ್ ಸಿಗುತ್ತಿದೆ ಎಂದರ್ಥ. ಕಾಣದಿದ್ದರೆ ಬೇಸರ ಬೇಡ. ಎಷ್ಟು ಬಗೆಯ ಬಾವುಟಗಳಿವೆ ಎಂಬುದು ಮುಖ್ಯ, ಒಂದು ದೇಶದ್ದು ಕೆಟ್ಟರೆ ಇನ್ನೊಂದು ಇರುತ್ತದೆ. ಆದರೆ ಪ್ರಬಲ ಜಾಮಿಂಗ್ ಎಲ್ಲವನ್ನೂ ಒಟ್ಟಿಗೆ ಮುಚ್ಚಬಲ್ಲದು ಎಂಬುದೂ ನಿಜ.

ಆದ್ದರಿಂದ ಉಪಗ್ರಹವಿಲ್ಲದೆಯೂ ನಡೆಯುವ ವ್ಯವಸ್ಥೆ ಕೈಯಲ್ಲಿರಲಿ. ಗೂಗಲ್ ಮ್ಯಾಪಿನಲ್ಲಿ ಹೋಗುವ ದಾರಿಯ ನಕ್ಷೆಯನ್ನು ಆಫ್‌ಲೈನ್ ಆಗಿ ಇಳಿಸಿಟ್ಟುಕೊಳ್ಳಿ. ಫೋನಿನ ಲೊಕೇಶನ್ ಸೆಟ್ಟಿಂಗಿನಲ್ಲಿ ವೈಫೈ ಸ್ಕ್ಯಾನಿಂಗ್ ಚಾಲೂ ಇರಲಿ, ಪೇಟೆಯಲ್ಲಿ ಅದರಿಂದಲೂ ಜಾಗ ಅಂದಾಜಾಗುತ್ತದೆ. ಕೊಲ್ಲಿಯಲ್ಲಿರುವ ನಿಮ್ಮವರಿಗೂ ಹೇಳಿ. ಚುಕ್ಕೆ ಏಕಾಏಕಿ ಸಮುದ್ರಕ್ಕೋ ಬೇರೆ ಊರಿನ ವಿಮಾನ ನಿಲ್ದಾಣಕ್ಕೋ ಹಾರಿದರೆ ಫೋನ್ ಕೆಟ್ಟಿತೆಂದು ಅಂಗಡಿಗೆ ಓಡಬೇಡಿ, ಅದು ಸ್ಪೂಫಿಂಗ್ ಇರಬಹುದು. ಆಗ ಮ್ಯಾಪ್ ಬದಿಗಿಟ್ಟು ರಸ್ತೆಯ ಫಲಕ ನೋಡಿ.

ತೋಟ ಅಳೆಸುವವರಿಗೆ ಒಂದು ಮಾತು. ಈಗ ಸರ್ವೆಗೆ ರೋವರ್ ತರುತ್ತಾರೆ. ಅದು ಹಲವು ದೇಶಗಳ ಉಪಗ್ರಹ ಸಂಕೇತವನ್ನು ನೆಲದ ಸ್ಥಿರ ಕೇಂದ್ರದ ತಿದ್ದುಪಡಿಯೊಂದಿಗೆ ಸೇರಿಸಿ ಸೆಂಟಿಮೀಟರ್ ಮಟ್ಟದಲ್ಲಿ ಜಾಗ ಹೇಳುವ ಯಂತ್ರ. ಹಳೆಯ ಗಡಿಕಲ್ಲುಗಳಿದ್ದರೆ ಕಿತ್ತುಬಿಡಬೇಡಿ. ಮೊದಲು ಗೊತ್ತಿರುವ ಒಂದು ಕಲ್ಲಿನ ಮೇಲೆ ರೋವರ್ ಇಟ್ಟು ತಾಳೆ ನೋಡಲು ಕೇಳಿಕೊಳ್ಳಿ. ಅಡಿಕೆ ಮರಗಳ ಅಡಿಯಲ್ಲಿ ಈ ತಾಳೆ ಇನ್ನೂ ಅಗತ್ಯ.

ಹಳದಿ ಬೋರ್ಡಿನ ವಾಹನವಿದ್ದವರಿಗೆ ವಿಎಲ್‌ಟಿ, ಅಂದರೆ ವಾಹನ ಎಲ್ಲಿದೆಯೆಂದು ತಿಳಿಸುವ ಪೆಟ್ಟಿಗೆ ಮತ್ತು ಪ್ಯಾನಿಕ್ ಬಟನ್ ಕಡ್ಡಾಯದ ವಿಷಯ ಗೊತ್ತೇ ಇದೆ. ಕರ್ನಾಟಕ ಸರ್ಕಾರ ಇದಕ್ಕೆ 7,599 ರೂ. ದರ ನಿಗದಿ ಮಾಡಿತ್ತು. ರಿಕ್ಷಾಗಳಿಗೆ ಕೇಂದ್ರದ ನಿಯಮದಲ್ಲಿ ವಿನಾಯಿತಿ ಇದೆ. ಒಪ್ಪಿಗೆ ಪಡೆದ ಕಂಪನಿಗಳ ಪಟ್ಟಿಯನ್ನೂ ಈಗಿನ ದರವನ್ನೂ ಬಂಟ್ವಾಳ ಅಥವಾ ಪುತ್ತೂರಿನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ಹಾಕಿಸಿ. ಎಐಎಸ್-140 ಎಂಬ ಮಾನದಂಡದ ಗುರುತು ಇದೆಯೇ, ನಾವಿಕ್ ಹಿಡಿಯುತ್ತದೆಯೇ ಎಂದು ಕೇಳಿ ರಸೀದಿ ಇಟ್ಟುಕೊಳ್ಳಿ. ಮಾಲೀಕರಿಗೆ ಕಾಣದಂತೆ ಓಡಲು ಸಿಗರೇಟ್ ಲೈಟರಿನ ಜಾಗಕ್ಕೆ ಸಿಕ್ಕಿಸುವ ಜಾಮರ್ ಆನ್‌ಲೈನಿನಲ್ಲಿ ಸಿಗುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಜಿಪಿಎಸ್ ಜಾಮರ್ ಬಳಸುವುದು ಕಾನೂನುಬಾಹಿರ. ಅಮೆರಿಕದಲ್ಲಿ ಒಬ್ಬ ಚಾಲಕ ಹೀಗೆ ಮಾಡಿ ನೆವಾರ್ಕ್ ವಿಮಾನ ನಿಲ್ದಾಣದ ಉಪಕರಣಕ್ಕೇ ಅಡ್ಡಿಯಾದ. 2013ರಲ್ಲಿ ಅವನಿಗೆ ಸುಮಾರು 32 ಸಾವಿರ ಡಾಲರ್ ದಂಡ ಬಿತ್ತು.

ಮಂಗಳೂರು ಧಕ್ಕೆಯಿಂದಲೋ ಮಲ್ಪೆಯಿಂದಲೋ ಕಡಲಿಗೆ ಹೋಗುವ ಬಂಧುಗಳಿದ್ದರೆ ಅವರಿಗೆ ಇಷ್ಟು ತಿಳಿಸಿ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ದೇಶದ 1 ಲಕ್ಷ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಉಚಿತವಾಗಿ ಕೊಡುವ ಕಾರ್ಯಕ್ರಮ 2024ರ ಆಗಸ್ಟಿನಲ್ಲಿ ಶುರುವಾಗಿದೆ. ಮೊಬೈಲ್ ಸಿಗದ ಕಡಲಿನಲ್ಲೂ ಉಪಗ್ರಹದ ಮೂಲಕ ಸಂದೇಶ ಕಳಿಸಿ ಪಡೆಯುವ, ದೋಣಿ ಎಲ್ಲಿದೆಯೆಂದು ದಡಕ್ಕೆ ತಿಳಿಸುವ ಉಪಕರಣ ಅದು, ತಂತ್ರಜ್ಞಾನ ಇಸ್ರೋದ್ದು. ಅರ್ಜಿಗೆ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಗೆ ದೋಣಿಯ ನೋಂದಣಿ ಪತ್ರದೊಂದಿಗೆ ಹೋಗಿ ಕೇಳಬೇಕು. ಅದು ಬಂದ ಮೇಲೂ ದೋಣಿಯಲ್ಲಿ ಒಂದು ದಿಕ್ಸೂಚಿ ಇರಲಿ. ಬಂದರಿನ ಮತ್ತು ಬಲೆ ಬೀಸುವ ಜಾಗಗಳ ಅಕ್ಷಾಂಶ, ರೇಖಾಂಶವನ್ನು ಪುಸ್ತಕದಲ್ಲಿ ಬರೆದಿಟ್ಟು, ಆಳ ತೋರಿಸುವ ಎಕೋ ಸೌಂಡರಿನ ಲೆಕ್ಕದೊಂದಿಗೆ ಆಗಾಗ ತಾಳೆ ನೋಡುತ್ತಿರಲಿ.